ಒಂದು ರಾಕೆಟ್ ಹಾರಿಸೋಕೆ ಎಷ್ಟಾಗುತ್ತೆ? ಒಂದು ಬಿಕಾಂ ಲೆಕ್ಕ

ಭಾಗ 1/9: ಜಗಳ

ರಾಕೆಟ್ ಹುಚ್ಚು ಹಿಡಿದ ನಾಲ್ಕು ಜನ ಒಂದು ಟೇಬಲ್ ಸುತ್ತ ಕೂತ್ರೆ, ಟೀ ಆರೋದ್ರೊಳಗೆ ಜಗಳ ಶುರುವಾಗುತ್ತೆ. ಒಬ್ಬ ಸ್ಪೇಸ್‌ಎಕ್ಸ್ ಕಡೆ, ಒಬ್ಬಳು ನಾಸಾ ಕಡೆ, ಇನ್ನೊಬ್ಬ ಇಸ್ರೋ ಕಡೆ. ನಾಲ್ಕನೇ ವ್ಯಕ್ತಿ ಯಾವಾಗ್ಲೂ "ದೇಶದಲ್ಲಿ ಇಷ್ಟು ಬಡತನ ಇಟ್ಕೊಂಡು ಇದೆಲ್ಲ ಬೇಕಾ?" ಅಂತ ಕೇಳೋರು. ನಿಮ್ಮ ಗ್ಯಾಂಗ್‌ನಲ್ಲೂ ಈ ನಾಲ್ಕೂ ಜನ ಇದ್ದೇ ಇರ್ತಾರೆ.

ಗಮನಿಸಿದ್ದೀರಾ? ನಾಲ್ಕೂ ಜನ ಎತ್ತೋ ಆಯುಧ ಒಂದೇ. ಒಂದು ನಂಬರ್. ಫಾಲ್ಕನ್ 9 ಲಾಂಚ್ ಬೇಕಂದ್ರೆ ಸುಮಾರು 7 ಕೋಟಿ ಡಾಲರ್. ನಾಸಾದ ಎಸ್‌ಎಲ್‌ಎಸ್ ರಾಕೆಟ್ಟು, ಅದರ ಮೇಲಿನ ಒರಾಯನ್ ಕ್ಯಾಪ್ಸೂಲು ಎಲ್ಲ ಸೇರಿ ಒಂದು ಸಲ ಹಾರಿಸೋಕೆ 410 ಕೋಟಿ ಡಾಲರ್. ಮಂಗಳಯಾನಕ್ಕೆ ಬರೀ 450 ಕೋಟಿ ರೂಪಾಯಿ. ನಂಬರ್ ಎಸೀತಾರೆ, ಗೆದ್ದೆ ಅಂತ ಎದ್ದು ಹೋಗ್ತಾರೆ.

ನಾನು ಮಧ್ಯೆ ಬಾಯಿ ಹಾಕಿದ್ರೆ ಒಂದು ಉತ್ತರ ರೆಡಿ ಇರುತ್ತೆ: "ನೀನು ಬಿಕಾಂ. ಥ್ರಸ್ಟ್ ಅಂದ್ರೆ ಗೊತ್ತಾ ನಿಂಗೆ?" ಗೊತ್ತು ಗುರು. ಆದ್ರೆ ಆ ಜಗಳದಲ್ಲಿ ಥ್ರಸ್ಟ್ ಬಗ್ಗೆ ಯಾರೂ ಒಂದು ಮಾತೂ ಆಡ್ತಿಲ್ಲವಲ್ಲ! ಎಷ್ಟು ಖರ್ಚು, ಯಾರು ಕೊಡಬೇಕು, ನಷ್ಟ ಆದ್ರೆ ಯಾರ ತಲೆ ಮೇಲೆ ಬೀಳುತ್ತೆ, ಇದೇ ತಾನೇ ನಡೀತಿರೋದು? ಇದು ನಮ್ಮ ಕಾಸ್ಟ್ ಅಕೌಂಟಿಂಗ್ ಪೇಪರ್. ಎಕ್ಸಾಂ ಹಿಂದಿನ ರಾತ್ರಿ ಬೈಕೊಂಡು ಓದ್ತೀವಲ್ಲ, ಅದೇ.

ಈ ಒಂಬತ್ತು ಪೋಸ್ಟ್‌ಗಳಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. "ಒಂದು ಲಾಂಚ್‌ಗೆ ಇಷ್ಟು" ಅನ್ನೋ ನಂಬರ್ ಒಂಟಿಯಾಗಿ ಬಂದ್ರೆ ಒಪ್ಕೋಬೇಡಿ. ಯಾವುದನ್ನ ಯಾವುದರಿಂದ ಭಾಗಿಸಿದ್ರು ಅಂತ ಕೇಳಿ. ಈ ಒಂದು ಭಾಗಾಕಾರದ ಹಿಂದೆ ದೇಶಗಳ ದುಡ್ಡು ಹೋಗಿದೆ, ಜನರ ಪ್ರಾಣಾನೂ ಹೋಗಿದೆ. ಉತ್ಪ್ರೇಕ್ಷೆ ಅನ್ನಿಸಿದ್ರೆ ನಾಲ್ಕನೇ ಭಾಗದವರೆಗೆ ಓದಿ, ಆಮೇಲೆ ಹೇಳಿ.

ಭಾಗ 2/9: ಅಪ್ಪನ ಗಾಡಿ

ರಾಕೆಟ್‌ಗೆ ಮೊದಲು ಟಾಟಾ ಏಸ್.

ಅಪ್ಪ ಬಾಡಿಗೆಗೆ ಓಡಿಸ್ತಾರೆ. ಚಿತ್ರದುರ್ಗದ ಕಡೆಯವರಿಗೆ ಹೇಳಬೇಕಿಲ್ಲ, ಈರುಳ್ಳಿ ಸೀಸನ್‌ನಲ್ಲಿ ಗಾಡಿಗೆ ಬಿಡುವಿಲ್ಲ, ಶೇಂಗಾ ಮುಗಿದ ಮೇಲೆ ಕೆಲಸ ಇಲ್ಲ. ಇಎಂಐ, ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲ ಸೇರಿ ತಿಂಗಳಿಗೆ 15,000 ಅಂತ ಇಟ್ಕೊಳ್ಳಿ. ಗಾಡಿ ಓಡಿದ್ರೂ 15,000, ಮನೆ ಮುಂದೆ ಬೇವಿನ ಮರದ ಕೆಳಗೆ ನಿಂತ್ರೂ 15,000. ಇದು ಫಿಕ್ಸೆಡ್ ಕಾಸ್ಟ್. ಒಂದು ಬಾಡಿಗೆಗೆ ಡೀಸೆಲ್ಲು, ಹಮಾಲಿ, ಟೋಲು ಸೇರಿ 900. ಇದು ವೇರಿಯಬಲ್ ಕಾಸ್ಟ್.

ಈಗ ಹೇಳಿ, ಒಂದು ಬಾಡಿಗೆಗೆ ಅಪ್ಪನಿಗೆ ಎಷ್ಟು ಬೀಳುತ್ತೆ?

ತಿಂಗಳಿಗೆ 30 ಬಾಡಿಗೆ ಸಿಕ್ಕಿದ್ರೆ ಪ್ರತಿ ಬಾಡಿಗೆ ಮೇಲೆ 500 ಫಿಕ್ಸೆಡ್ ಬೀಳುತ್ತೆ, ಒಟ್ಟು 1,400. ಹತ್ತೇ ಬಾಡಿಗೆ ಸಿಕ್ಕಿದ್ರೆ 1,500 ಬೀಳುತ್ತೆ, ಒಟ್ಟು 2,400. ಅದೇ ಗಾಡಿ, ಅದೇ ರೋಡು, ಅದೇ ಡ್ರೈವರ್. ಗಾಡಿಯಲ್ಲಿ ಏನೂ ಬದಲಾಗಿಲ್ಲ, ಆದ್ರೂ ಬಾಡಿಗೆಯೊಂದಕ್ಕೆ ಸಾವಿರ ರೂಪಾಯಿ ವ್ಯತ್ಯಾಸ. ಇನ್ನು ಪಕ್ಕದ ಮನೆಯವರು ಬಂದು "ಹೆಂಗೂ ಗಾಡಿ ನಿಂತಿದೆ, ಒಂದು ಟ್ರಿಪ್ ಹೋಗ್ಬಾ" ಅಂದ್ರೆ, ಆ ಒಂದು ಹೆಚ್ಚುವರಿ ಟ್ರಿಪ್‌ಗೆ ನಿಜವಾಗಿ ಆಗೋ ಖರ್ಚು ಬರೀ 900. ಅದಕ್ಕೆ ಮಾರ್ಜಿನಲ್ ಕಾಸ್ಟ್ ಅಂತಾರೆ.

ಅಂದ್ರೆ ಒಂದೇ ಗಾಡಿಗೆ 900, 1,400, 2,400 ಅಂತ ಮೂರು ರೇಟ್. ಮೂರೂ ಸತ್ಯ. ಯಾವುದನ್ನ ಹೇಳ್ತೀವಿ ಅನ್ನೋದು ಯಾರನ್ನ ಒಪ್ಪಿಸಬೇಕು ಅನ್ನೋದರ ಮೇಲೆ ನಿಂತಿರುತ್ತೆ. ಬಾಡಿಗೆ ಕೇಳೋಕೆ ಬಂದವರ ಹತ್ರ ಅಪ್ಪ 2,400ರ ಕಥೆ ಹೇಳ್ತಾರೆ. ಅಮ್ಮನ ಹತ್ರ ಎರಡನೇ ಗಾಡಿ ತಗೊಳ್ಳೋಣ ಅಂತ ಪೀಠಿಕೆ ಹಾಕುವಾಗ 1,400ರ ಕಥೆ.

ರಾಕೆಟ್‌ನಲ್ಲೂ ಇಷ್ಟೇ. ಗಾಡಿ ಜಾಗದಲ್ಲಿ ಲಾಂಚ್‌ಪ್ಯಾಡು, ಕಾರ್ಖಾನೆ, ಸಾವಿರಾರು ಜನರ ಸಂಬಳ ಬರುತ್ತೆ. ವರ್ಷವಿಡೀ ಒಂದೂ ರಾಕೆಟ್ ಹಾರದಿದ್ರೂ ಆ ಸಂಬಳ ನಿಲ್ಲಲ್ಲ.

ಭಾಗ 3/9: ಶಟಲ್ ಕೊಟ್ಟ ಮಾತು

1972ರ ಜನವರಿ 5. ಅಮೆರಿಕದ ಅಧ್ಯಕ್ಷ ನಿಕ್ಸನ್ ಸ್ಪೇಸ್ ಶಟಲ್‌ಗೆ ಒಪ್ಪಿಗೆ ಕೊಡ್ತಾರೆ. ಚಂದ್ರನ ಮೇಲೆ ಹೋಗಿಬಂದು ಆಗಿತ್ತು, ನಾಸಾ ಬಜೆಟ್ ಇಳೀತಾ ಇತ್ತು. ಹಾಗಾಗಿ ಈ ಹೊಸ ಗಾಡಿಯನ್ನ ಸಾಹಸದ ಹೆಸರಲ್ಲಿ ಮಾರೋಕೆ ಆಗಲಿಲ್ಲ, ಉಳಿತಾಯದ ಹೆಸರಲ್ಲಿ ಮಾರಬೇಕಾಯ್ತು. ಒಂದು ಸಲ ಹಾರಿಸಿ ಸಮುದ್ರಕ್ಕೆ ಎಸೆಯೋ ರಾಕೆಟ್ ಬದಲು ಮತ್ತೆ ಮತ್ತೆ ಹಾರೋ ಗಾಡಿ.

ಲೆಕ್ಕ ಹಾಕಿಕೊಟ್ಟಿದ್ದು ಮ್ಯಾಥಮ್ಯಾಟಿಕಾ ಅನ್ನೋ ಸಂಸ್ಥೆ. ಅಲ್ಲಿದ್ದವರಲ್ಲಿ ಒಬ್ಬರು ಆಸ್ಕರ್ ಮಾರ್ಗೆನ್‌ಸ್ಟರ್ನ್. ಗೇಮ್ ಥಿಯರಿ ಕಟ್ಟಿದವರಲ್ಲಿ ಒಬ್ಬರು, ಎಕನಾಮಿಕ್ಸ್ ಓದೋರಿಗೆ ಗೊತ್ತಿರೋ ಹೆಸರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದ್ರೆ ಅದು ನಿಂತಿದ್ದು ಒಂದು ಷರತ್ತಿನ ಮೇಲೆ: ಗಾಡಿ ತುಂಬಾ ಸಲ ಹಾರಬೇಕು. ಆ ಕಾಲದಲ್ಲಿ ವರ್ಷಕ್ಕೆ 50ರ ಆಸುಪಾಸು ಹಾರಾಟದ ಮಾತು ನಡೀತಿತ್ತು. ಅಂದ್ರೆ ವಾರಕ್ಕೊಂದು.

ನಡೆದಿದ್ದೇನು? 1981ರ ಏಪ್ರಿಲ್ 12ರಿಂದ 2011ರ ಜುಲೈವರೆಗೆ, ಮೂವತ್ತು ವರ್ಷದಲ್ಲಿ ಒಟ್ಟು 135 ಹಾರಾಟ. ಅತಿ ಹೆಚ್ಚು ಹಾರಿದ ವರ್ಷ 1985, ಆಗಲೂ 9 ಮಾತ್ರ.

ಈಗ ಭಾಗಿಸಿ. ಇಡೀ ಯೋಜನೆಗೆ ಆದ ಖರ್ಚು, 2010ರ ಡಾಲರ್ ಬೆಲೆಯಲ್ಲಿ, ಸುಮಾರು 20,900 ಕೋಟಿ ಡಾಲರ್. 135ರಿಂದ ಭಾಗಿಸಿದ್ರೆ ಒಂದು ಹಾರಾಟಕ್ಕೆ 150 ಕೋಟಿ ಡಾಲರ್‌ಗೂ ಹೆಚ್ಚು. ಆದ್ರೆ ನಾಸಾ ಸಾಮಾನ್ಯವಾಗಿ ಹೇಳ್ತಿದ್ದ ನಂಬರ್ 45 ಕೋಟಿ ಡಾಲರ್. ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಯಾರೋ ಸುಳ್ಳು ಹೇಳ್ತಿದ್ದಾರೆ ಅನ್ನಿಸುತ್ತೆ ಅಲ್ವಾ?

ಎರಡನೇ ಭಾಗ ನೆನಪಿಸಿಕೊಳ್ಳಿ. 45 ಕೋಟಿ ಅನ್ನೋದು ಅಪ್ಪನ 900 ಇದ್ದಂಗೆ, ಇನ್ನೊಂದು ಟ್ರಿಪ್ ಹಾರಿಸಿದ್ರೆ ಆಗೋ ಖರ್ಚು. 150 ಕೋಟಿ ಅನ್ನೋದು ಇಎಂಐ ಎಲ್ಲ ಹಂಚಿದ ಮೇಲೆ ಬೀಳೋ ಖರ್ಚು. ಶಟಲ್ ಅಭಿಮಾನಿ ಮೊದಲನೆಯದನ್ನ ಹಿಡ್ಕೋತಾನೆ, ವಿರೋಧಿ ಎರಡನೆಯದನ್ನ. ಇಬ್ಬರೂ ವರ್ಷಗಟ್ಟಲೆ ಜಗಳ ಆಡಬಹುದು. ಇಬ್ಬರ ನಂಬರೂ ಸರಿನೇ.

ಭಾಗ 4/9: ಟೋಪಿ

ಇದು ಬರೀ ಲೆಕ್ಕದ ಆಟ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ.

ಬಾಡಿಗೆ ಕಮ್ಮಿ ಆದಾಗ ಗಾಡಿಯವರು ಏನು ಮಾಡ್ತಾರೆ? ನಿದ್ದೆ ಕೆಟ್ಟು ಎರಡು ಟ್ರಿಪ್ ಹೊಡೀತಾರೆ. ಬ್ರೇಕ್ ಸದ್ದು ಮಾಡ್ತಿದ್ರೂ "ಈ ವಾರ ಹೋಗ್ಲಿ" ಅಂತಾರೆ. ನಾಸಾದಲ್ಲೂ ಅದೇ ಒತ್ತಡ. ಅಗ್ಗ ಆಗುತ್ತೆ ಅಂತ ಮಾತು ಕೊಟ್ಟಾಗಿದೆ, ಅಗ್ಗ ಆಗಬೇಕಂದ್ರೆ ಹಾರಾಟ ಹೆಚ್ಚಬೇಕು. 1990ರ ಹೊತ್ತಿಗೆ ವರ್ಷಕ್ಕೆ 24 ಅನ್ನೋ ಗುರಿ ಇಟ್ಟಿದ್ರು.

1986ರ ಜನವರಿ 27ರ ರಾತ್ರಿ. ಫ್ಲಾರಿಡಾದಲ್ಲಿ ಕೊರೆಯೋ ಚಳಿ. ಶಟಲ್‌ನ ಬೂಸ್ಟರ್ ಮಾಡ್ತಿದ್ದ ಮಾರ್ಟನ್ ಥಯೊಕೋಲ್ ಕಂಪನಿಯ ಇಂಜಿನಿಯರ್‌ಗಳು ಫೋನ್ ಮೀಟಿಂಗ್‌ನಲ್ಲಿ ಬೇಡ ಅಂದ್ರು. ಬೂಸ್ಟರ್‌ನ ಕೀಲುಗಳಲ್ಲಿರೋ ರಬ್ಬರ್ ಉಂಗುರಗಳು ಈ ಚಳಿಗೆ ಗಟ್ಟಿಯಾಗ್ತವೆ, ಬಿಸಿ ಅನಿಲ ಸೋರುತ್ತೆ, ಹಾರಿಸಬೇಡಿ ಅಂತ. ನಾಸಾ ಕಡೆಯವರಿಗೆ ಅದು ಇಷ್ಟ ಆಗಲಿಲ್ಲ. ಕಂಪನಿಯ ಮ್ಯಾನೇಜರ್‌ಗಳು ಬೇರೆ ಕೂತು ಮಾತಾಡಿದ್ರು. ಅಲ್ಲಿ ಒಬ್ಬ ಹಿರಿಯ ಅಧಿಕಾರಿ ಇಂಜಿನಿಯರಿಂಗ್ ಮುಖ್ಯಸ್ಥರಿಗೆ, ಇಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜ್‌ಮೆಂಟ್ ಟೋಪಿ ಹಾಕ್ಕೊಳ್ಳೋಕೆ ಹೇಳಿದ್ರು ಅನ್ನೋದು ತನಿಖೆಯಲ್ಲಿ ದಾಖಲಾಗಿದೆ. ನಿರ್ಧಾರ ಬದಲಾಯ್ತು.

ಮರುದಿನ ಚಾಲೆಂಜರ್ ಹಾರಿದ 73 ಸೆಕೆಂಡಿಗೆ ಒಡೆದು ಹೋಯ್ತು. ಏಳು ಜನ. ಅವರಲ್ಲಿ ಒಬ್ಬರು ಶಾಲಾ ಟೀಚರ್, ಕ್ರಿಸ್ಟಾ ಮೆಕಾಲಿಫ್.

ತನಿಖೆ ತಂಡದಲ್ಲಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಕಂಡುಕೊಂಡ ಒಂದು ವಿಷಯ ಕೇಳಿ. ಅಪಘಾತದ ಸಾಧ್ಯತೆ ಎಷ್ಟು ಅಂದ್ರೆ, ಆಡಳಿತದವರ ಪ್ರಕಾರ ಲಕ್ಷಕ್ಕೊಂದು. ಕೆಲಸ ಮಾಡೋ ಇಂಜಿನಿಯರ್‌ಗಳ ಅಂದಾಜು ಸುಮಾರು ನೂರಕ್ಕೊಂದು. ಆಮೇಲೆ 2003ರ ಫೆಬ್ರವರಿ 1ಕ್ಕೆ ಕೊಲಂಬಿಯಾ ಹೋಯ್ತು, ನಮ್ಮ ಕಲ್ಪನಾ ಚಾವ್ಲಾ ಸೇರಿ ಮತ್ತೆ ಏಳು ಜನ. 135ರಲ್ಲಿ 2. ಸುಮಾರು 67ಕ್ಕೊಂದು. ಇಂಜಿನಿಯರ್‌ಗಳ ಅಂದಾಜೇ ನಿಜಕ್ಕೆ ಹತ್ತಿರ.

ಈ ಕಥೆಯನ್ನ ಸೈನ್ಸ್‌ನವರು ಓದುವಾಗ ಇಂಜಿನಿಯರ್ ಜಾಗದಲ್ಲಿ ನಿಂತು ಓದ್ತಾರೆ. ನಾವು ಎಲ್ಲಿ ನಿಲ್ಲಬೇಕು? ಆ ಇನ್ನೊಂದು ಟೋಪಿ ಇದೆಯಲ್ಲ, ಇನ್ನು ಹತ್ತು ವರ್ಷಕ್ಕೆ ಅದನ್ನ ಹಾಕ್ಕೊಂಡು ಮೀಟಿಂಗ್‌ನಲ್ಲಿ ಕೂರೋರು ನಾವೇ. ಬಿಕಾಂ, ಬಿಬಿಎ, ಎಂಬಿಎ. ರಾಕೆಟ್ ಕಂಪನಿಯಲ್ಲೇ ಆಗಬೇಕಿಲ್ಲ. ಸೇತುವೆ ಇರಬಹುದು, ಔಷಧಿ ಇರಬಹುದು, ಬಸ್ ಡಿಪೋ ಇರಬಹುದು.

ಭಾಗ 5/9: ಗುತ್ತಿಗೆ

ಮನೆ ಕಟ್ಟಿಸಿದವರನ್ನ ಕೇಳಿ. ಎರಡು ತರ ಕಟ್ಟಿಸಬಹುದು. ಒಂದು, ಚದರಕ್ಕೆ ಇಷ್ಟು ಅಂತ ಕಂಟ್ರಾಕ್ಟ್ ಕೊಡೋದು. ಸಿಮೆಂಟ್ ರೇಟ್ ಏರಿದ್ರೂ, ಗೋಡೆ ಒಡೆದು ಮತ್ತೆ ಕಟ್ಟಬೇಕಾದ್ರೂ ಮೇಸ್ತ್ರಿ ತಲೆನೋವು. ಇನ್ನೊಂದು, ಸಾಮಾನು ಖರ್ಚು ಎಷ್ಟಾಗುತ್ತೋ ಅಷ್ಟು ನಮ್ಮದು, ಅದರ ಮೇಲೆ ಮೇಸ್ತ್ರಿಗೆ ಇಷ್ಟು ಅಂತ. ನಮ್ಮ ಬುಕ್‌ನಲ್ಲಿ ಇದರ ಹೆಸರು ಕಾಸ್ಟ್ ಪ್ಲಸ್ ಕಂಟ್ರಾಕ್ಟ್. ಐದು ಮಾರ್ಕಿನ ಪ್ರಶ್ನೆಗೆ ಬರ್ತಾನೇ ಇರುತ್ತೆ.

ಅಮೆರಿಕದ ರಾಕೆಟ್ ಜಗಳದ ಅರ್ಧ ಭಾಗ ಈ ಐದು ಮಾರ್ಕಿನ ಪ್ರಶ್ನೆ.

ಎಸ್‌ಎಲ್‌ಎಸ್ ಎರಡನೇ ತರದ್ದು. 2010ರ ಕಾನೂನಿನ ಪ್ರಕಾರ 2016ರ ಕೊನೆಗೆ ರೆಡಿ ಆಗಬೇಕಿತ್ತು, ಮೊದಲ ಸಲ ಹಾರಿದ್ದು 2022ರ ನವೆಂಬರ್ 16ಕ್ಕೆ. ಶಟಲ್ ಕಾಲದ ಕಂಪನಿಗಳನ್ನೇ, ಕೆಲಸಗಾರರನ್ನೇ ಸಾಧ್ಯವಾದಷ್ಟು ಬಳಸಿ ಅಂತ ಸಂಸತ್ತೇ ಹೇಳಿತ್ತು. ಹಾಗಾಗಿ ಅದನ್ನ ಸೆನೆಟ್ ಲಾಂಚ್ ಸಿಸ್ಟಮ್ ಅಂತ ಆಡ್ಕೊಳ್ಳೋರು ಇದ್ದಾರೆ. ಆದ್ರೆ ಅಭಿಮಾನಿಗಳ ಮಾತಲ್ಲೂ ಹುರುಳಿದೆ: ಮೊದಲ ಹಾರಾಟದಲ್ಲೇ ಒರಾಯನ್ ಚಂದ್ರನ ಸುತ್ತ ಹೋಗಿ ಸರಿಯಾಗಿ ವಾಪಸ್ ಬಂತು.

ಇನ್ನೊಂದು ಕಡೆ, 2014ರ ಸೆಪ್ಟೆಂಬರ್‌ನಲ್ಲಿ ಗಗನಯಾತ್ರಿಗಳನ್ನ ಕರ್ಕೊಂಡು ಹೋಗೋ ಕೆಲಸಕ್ಕೆ ನಾಸಾ ಫಿಕ್ಸೆಡ್ ರೇಟ್ ಗುತ್ತಿಗೆ ಕೊಡ್ತು. ಬೋಯಿಂಗ್‌ಗೆ 420 ಕೋಟಿ ಡಾಲರ್‌ವರೆಗೆ, ಸ್ಪೇಸ್‌ಎಕ್ಸ್‌ಗೆ 260 ಕೋಟಿ. ಆಗ ಬೋಯಿಂಗ್ ಅಂದ್ರೆ ಗ್ಯಾರಂಟಿ ಅಂತ ಎಲ್ಲರ ಲೆಕ್ಕ. 2020ರ ಮೇ 30ಕ್ಕೆ ಸ್ಪೇಸ್‌ಎಕ್ಸ್ ಇಬ್ಬರನ್ನ ಕಳಿಸ್ತು. ಬೋಯಿಂಗ್‌ನ ಸ್ಟಾರ್‌ಲೈನರ್ ಜನರನ್ನ ಕೂರಿಸ್ಕೊಂಡು ಹೊರಟಿದ್ದು 2024ರ ಜೂನ್ 5ಕ್ಕೆ. ಅದರಲ್ಲಿ ಹೋದ ಸುನಿತಾ ವಿಲಿಯಮ್ಸ್, ಬುಚ್ ವಿಲ್ಮೋರ್ ವಾಪಸ್ ಬಂದಿದ್ದು 2025ರ ಮಾರ್ಚ್‌ನಲ್ಲಿ, ಅದೂ ಸ್ಪೇಸ್‌ಎಕ್ಸ್ ಗಾಡಿಯಲ್ಲಿ. ಈ ಯೋಜನೆಯಲ್ಲಿ ಬೋಯಿಂಗ್ 150 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ತೋರಿಸಿದೆ. ಆ ನಷ್ಟ ಕಂಪನಿ ಹೊತ್ಕೊಳ್ತು, ಸರ್ಕಾರ ಅಲ್ಲ.

ಹಾಗಾದ್ರೆ ಫಿಕ್ಸೆಡ್ ರೇಟೇ ಒಳ್ಳೇದಾ? ಕಾಯಿರಿ. ಚದರಕ್ಕೆ ಇಷ್ಟು ಅಂತ ಮೇಸ್ತ್ರಿ ಹೇಳಬೇಕಂದ್ರೆ ಅಂಥ ಮನೆ ಮೊದಲು ಕಟ್ಟಿರಬೇಕು. ಯಾರೂ ಮಾಡಿರದ ಕೆಲಸಕ್ಕೆ ರೇಟ್ ಹೇಳೋದು ಹೆಂಗೆ? ಚಂದ್ರನ ಮೇಲೆ ಮೊದಲ ಸಲ ಇಳಿಯೋ ಕಾಲದಲ್ಲಿ ಕಾಸ್ಟ್ ಪ್ಲಸ್ ಬಿಟ್ಟು ಬೇರೆ ದಾರಿ ಕಷ್ಟ ಇತ್ತು. ಹಾಗಾಗಿ ಯಾವ ಗುತ್ತಿಗೆ ಅಂತ ಕೇಳೋ ಮೊದಲು, ಈ ಕೆಲಸ ಎಷ್ಟು ಹೊಸದು ಅಂತ ಕೇಳಬೇಕು.

ಭಾಗ 6/9: ಹತ್ತು ಸಲ

2015ರ ಡಿಸೆಂಬರ್‌ನಲ್ಲಿ ಫಾಲ್ಕನ್ 9 ಬೂಸ್ಟರ್ ಮೊದಲ ಸಲ ನೆಲಕ್ಕೆ ನೆಟ್ಟಗೆ ಇಳೀತು. ಇಳಿದಿದ್ದನ್ನ ಮತ್ತೆ ಹಾರಿಸಿದ್ದು 2017ರ ಮಾರ್ಚ್‌ನಲ್ಲಿ. ಈಗ ಕೆಲವು ಬೂಸ್ಟರ್‌ಗಳು 25ಕ್ಕೂ ಹೆಚ್ಚು ಸಲ ಹಾರಿವೆ. ವಾಪಸ್ ಬಂದ್ರೆ ಅಗ್ಗ, ಇದರಲ್ಲಿ ಚರ್ಚೆ ಏನಿದೆ ಅಂತೀರಾ?

ಇದೆ. ವಾಪಸ್ ಬರೋಕೆ ಇಂಧನ ಉಳಿಸ್ಕೋಬೇಕು, ಅಷ್ಟು ಮಾಲು ಕಮ್ಮಿ ಹೊರಬೇಕು. ಕಾಲು ಬೇಕು, ಸಮುದ್ರದಲ್ಲಿ ಹಿಡಿಯೋಕೆ ಹಡಗು ಬೇಕು, ಬಂದ ಮೇಲೆ ರಿಪೇರಿ ಬೇಕು. ಇನ್ನೊಂದು ಯಾರೂ ಯೋಚಿಸದ ಖರ್ಚಿದೆ. ಹಳೇದನ್ನೇ ಬಳಸಿದ್ರೆ ಹೊಸ ಇಂಜಿನ್ ಆರ್ಡರ್ ಕಮ್ಮಿ ಆಗುತ್ತೆ. ಕಾರ್ಖಾನೆಯ ಫಿಕ್ಸೆಡ್ ಕಾಸ್ಟ್ ಕಮ್ಮಿ ಇಂಜಿನ್‌ಗಳ ಮೇಲೆ ಬೀಳುತ್ತೆ, ಒಂದೊಂದು ಇಂಜಿನ್ನೂ ದುಬಾರಿ ಆಗುತ್ತೆ.

ಸ್ಪರ್ಧಿ ಕಂಪನಿ ಯುಎಲ್‌ಎ ಮುಖ್ಯಸ್ಥರಾಗಿದ್ದ ಟೋರಿ ಬ್ರೂನೋ ಇದೇ ವಾದ ಮಂಡಿಸಿದ್ರು: ಪ್ರತಿ ಬೂಸ್ಟರ್ ಸರಾಸರಿ ಹತ್ತು ಸಲ ಹಾರಿದ್ರೆ ಮಾತ್ರ ಅಸಲು ಗಿಟ್ಟುತ್ತೆ ಅಂತ. ಎರಡು ಸಲಕ್ಕೇ ಸರಿಹೋಗುತ್ತೆ, ಮೂರಕ್ಕೆ ಲಾಭ ಅನ್ನೋದು ಇಲಾನ್ ಮಸ್ಕ್ ವಾದ. ಇದು ನಮ್ಮ ಬ್ರೇಕ್ ಈವನ್ ಪಾಯಿಂಟ್, ಅಷ್ಟೇ. ಗ್ರಾಫ್‌ನಲ್ಲಿ ಎರಡು ಗೆರೆ ಎಲ್ಲಿ ಕೂಡ್ತವೆ ಅನ್ನೋದಕ್ಕೆ ಇಬ್ಬರು ದೊಡ್ಡ ಮನುಷ್ಯರ ಜಗಳ.

ಆದ್ರೆ ನಿಜವಾದ ಪ್ರಶ್ನೆ, ಅಷ್ಟು ಸಲ ಹಾರಿಸೋಕೆ ಬಾಡಿಗೆ ಎಲ್ಲಿಂದ ಬರುತ್ತೆ? 2024ರಲ್ಲಿ ಫಾಲ್ಕನ್ ರಾಕೆಟ್‌ಗಳು 130ಕ್ಕೂ ಹೆಚ್ಚು ಸಲ ಹಾರಿದ್ವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಹೊತ್ತಿದ್ದು ಸ್ಪೇಸ್‌ಎಕ್ಸ್‌ನದ್ದೇ ಸ್ಟಾರ್‌ಲಿಂಕ್ ಉಪಗ್ರಹಗಳನ್ನ. ಅಂದ್ರೆ ಬಾಡಿಗೆ ಸಿಗದಿದ್ದಾಗ ಗಾಡಿಯವನೇ ಮಂಡಿ ತೆಗೆದು, ತನ್ನದೇ ಈರುಳ್ಳಿ ತನ್ನದೇ ಗಾಡಿಯಲ್ಲಿ ಹೊತ್ತ. ಶಟಲ್‌ಗೆ ಆ ಮಂಡಿ ಇರಲಿಲ್ಲ.

ಇದೇ ಕಾರಣಕ್ಕೆ ನಾನು ಸ್ಟಾರ್‌ಶಿಪ್ ಬಗ್ಗೆಯೂ ಬಾಯಿ ಮುಚ್ಚಿ ಕಾಯ್ತೀನಿ. 2024ರ ಅಕ್ಟೋಬರ್ 13ಕ್ಕೆ ಆ ದೈತ್ಯ ಬೂಸ್ಟರ್‌ನ ಟವರ್ ತೋಳುಗಳು ಹಿಡಿದಿದ್ದನ್ನ ನೋಡಿ ನಾನೂ ಕಿರುಚಿದ್ದೀನಿ. ಆದ್ರೆ ಅದರ ಬಗ್ಗೆ ಹೇಳ್ತಿರೋ ಅಗ್ಗದ ರೇಟು, ಎಷ್ಟೋ ಸಲ ಹಾರುತ್ತೆ ಅನ್ನೋ ನಂಬಿಕೆಯಿಂದ ಭಾಗಿಸಿದ ರೇಟು. 1972ರಲ್ಲಿ ಶಟಲ್‌ಗೂ ಹಾಗೇ ಭಾಗಿಸಿದ್ರು.

ಭಾಗ 7/9: ಸಿನಿಮಾಗಿಂತ ಅಗ್ಗ

ಈಗ ನಮ್ಮ ಮನೆ ವಿಷಯ. ಇಸ್ರೋ ಅಭಿಮಾನಿಗಳೇ, ಕೋಪ ಮಾಡ್ಕೋಬೇಡಿ, ನಾನೂ ನಿಮ್ಮವರಲ್ಲಿ ಒಬ್ಬರೇ.

450 ಕೋಟಿ ರೂಪಾಯಿಗೆ ಮಂಗಳಯಾನ. ಗ್ರಾವಿಟಿ ಸಿನಿಮಾಗಿಂತ ಕಮ್ಮಿ ಅಂತ ಪ್ರಧಾನಿಯೇ 2014ರಲ್ಲಿ ಹೇಳಿದ್ರು. 2014ರ ಸೆಪ್ಟೆಂಬರ್ 24ಕ್ಕೆ ಮೊದಲ ಪ್ರಯತ್ನದಲ್ಲೇ ಮಂಗಳನ ಕಕ್ಷೆ ಸೇರಿತು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸೀರೆಯುಟ್ಟ ಮಹಿಳೆಯರು ನಗ್ತಿರೋ ಫೋಟೋ ಇವತ್ತಿಗೂ ನನ್ನ ಗ್ಯಾಲರಿಯಲ್ಲಿದೆ.

ಅದೇ ವಾರ ಮಂಗಳ ತಲುಪಿದ ನಾಸಾದ ಮೇವನ್‌ಗೆ ಸುಮಾರು 67 ಕೋಟಿ ಡಾಲರ್. ಎಷ್ಟೋ ಪಟ್ಟು ಹೆಚ್ಚು. ಆದ್ರೆ ಮೇವನ್ ಹೊತ್ತಿದ್ದು ಸುಮಾರು 65 ಕೆಜಿ ಉಪಕರಣ, ನಮ್ಮದು ಸುಮಾರು 15 ಕೆಜಿ. ಯಾಕೆ ಅಷ್ಟೇ? ದೊಡ್ಡ ಜಿಎಸ್‌ಎಲ್‌ವಿ ಆಗ ನಂಬೋ ಸ್ಥಿತಿಯಲ್ಲಿರಲಿಲ್ಲ, ಇದ್ದ ಪಿಎಸ್‌ಎಲ್‌ವಿಯಲ್ಲೇ ಹೋಗಬೇಕಿತ್ತು. ಚಂದ್ರಯಾನ 1ರ ವಿನ್ಯಾಸವನ್ನೇ ತಿದ್ದಿ ಬಳಸಿದ್ರು. ಸಂಬಳದ ಮಟ್ಟ ಬೇರೆ. ಇದ್ದಿದ್ದರಲ್ಲೇ ಮಾಡಿ ತೋರಿಸಿದ್ದು ದೊಡ್ಡದು, ಆರು ತಿಂಗಳಿಗೆ ಅಂತ ಕಳಿಸಿದ್ದು ಸುಮಾರು ಎಂಟು ವರ್ಷ ಬಾಳಿತು. ಆದ್ರೆ ಅಮ್ಮ ಇದ್ದ ಸಾಮಾನಲ್ಲೇ ಹಬ್ಬದಡುಗೆ ಮಾಡಿದ್ಲು ಅಂತ ಹೊಗಳ್ತಾ ಹೊಗಳ್ತಾ, ಮುಂದಿನ ಹಬ್ಬಕ್ಕೂ ಸಾಮಾನು ತರದೇ ಇರೋದು ನ್ಯಾಯಾನಾ?

ಅಗ್ಗ ಅನ್ನೋ ಬಿರುದು ಹಾಗೇ ಕಾಲಿಗೆ ಸುತ್ಕೊಳ್ಳುತ್ತೆ. 2024ರಲ್ಲಿ ಇಸ್ರೋ ಮಾಡಿದ ಲಾಂಚ್ 5. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮದೇ 4,700 ಕೆಜಿ ಉಪಗ್ರಹ ಜಿಸ್ಯಾಟ್ ಎನ್2 ಹಾರಿದ್ದು ಫಾಲ್ಕನ್ 9ರಲ್ಲಿ. ನಮ್ಮ ಎಲ್‌ವಿಎಂ3ಗೆ ಆ ಕಕ್ಷೆಗೆ ಅಷ್ಟು ಭಾರ ಆಗಲ್ಲ. ಹಾಗಂತ ನಮ್ಮ ಗಾಡಿಗೆ ಬಾಡಿಗೆ ಬರಲ್ಲ ಅಂತಲ್ಲ. ಉಕ್ರೇನ್ ಯುದ್ಧದಿಂದ ರಷ್ಯಾದ ದಾರಿ ಮುಚ್ಚಿದಾಗ ಒನ್‌ವೆಬ್ ಬಂದಿದ್ದು ನಮ್ಮ ಹತ್ರ. ಎರಡೇ ಹಾರಾಟದಲ್ಲಿ 72 ಉಪಗ್ರಹ ಬಿಟ್ಟುಕೊಟ್ವಿ.

ಗುತ್ತಿಗೆ ಲೆಕ್ಕಾನೂ ಇಲ್ಲಿ ಬಂದಿದೆ. 2022ರಲ್ಲಿ ಐದು ಪಿಎಸ್‌ಎಲ್‌ವಿ ಕಟ್ಟಿಕೊಡೋಕೆ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೋಡಿಗೆ 860 ಕೋಟಿ ರೂಪಾಯಿ. ಭಾಗಿಸಿ: ಒಂದಕ್ಕೆ 172 ಕೋಟಿ. ಇದು ಸಿನಿಮಾ ಹೋಲಿಕೆಗಿಂತ ನೂರು ಪಾಲು ಉಪಯೋಗದ ನಂಬರ್. ಯಾಕಂದ್ರೆ ಯಾವುದನ್ನ ಯಾವುದರಿಂದ ಭಾಗಿಸಿದ್ವಿ ಅಂತ ನಮಗೆ ಗೊತ್ತು.

ಭಾಗ 8/9: ಕಾವಲು

ನಮ್ಮ ಜಿಲ್ಲೆಗೂ ಈ ಕಥೆಯಲ್ಲಿ ಪಾತ್ರ ಇದೆ. ಹೊರಗಿನವರಿಗೆ ಚಿತ್ರದುರ್ಗ ಅಂದ್ರೆ ಕೋಟೆ, ಓಬವ್ವ. ಇಸ್ರೋದವರಿಗೆ ರನ್‌ವೇ.

2023ರ ಏಪ್ರಿಲ್ 2ರ ಬೆಳಿಗ್ಗೆ, ಚಳ್ಳಕೆರೆ ತಾಲ್ಲೂಕಿನ ವಿಮಾನ ಪರೀಕ್ಷಾ ನೆಲೆಯಲ್ಲಿ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಒಂದು ರೆಕ್ಕೆಯ ವಾಹನವನ್ನ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತುಕೊಂಡು ಹೋಗಿ ಬಿಡ್ತು. ಪೈಲಟ್ ಇಲ್ಲ, ಇಂಜಿನ್ ಉರೀತಿಲ್ಲ. ತಾನೇ ದಾರಿ ಹುಡುಕ್ಕೊಂಡು ರನ್‌ವೇಗೆ ಇಳೀತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆ ಎರಡು ಸಲ, ಇನ್ನೂ ಕಷ್ಟದ ಕೋನದಿಂದ ಬಿಟ್ಟು ನೋಡಿದ್ರು. ಹೆಸರು ಪುಷ್ಪಕ್. ಮರುಬಳಕೆಯ ರಾಕೆಟ್ ಕಡೆಗೆ ಭಾರತ ಇಡ್ತಿರೋ ಹೆಜ್ಜೆಗಳಲ್ಲಿ ಒಂದು. ಈರುಳ್ಳಿ ಬೆಳೆಯೋ ತಾಲ್ಲೂಕಿನಲ್ಲಿ ಬಾಹ್ಯಾಕಾಶ ವಾಹನ ಇಳೀತು ಅಂದ್ರೆ ಎದೆ ಉಬ್ಬುತ್ತೆ, ನಿಜ.

ಆದ್ರೆ ಆ ನೆಲೆ ಇರೋ ಜಾಗದ ಹೆಸರು ಕೇಳಿ: ಅಮೃತ್ ಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳಿಗೆ ಅಂತ ಬಿಟ್ಟಿದ್ದ ಹುಲ್ಲುಗಾವಲು. ಅಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ಸಂಶೋಧನೆ ಅಂತ ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟಿದ್ದು ಎಲ್ಲ ಸೇರಿ ಸುಮಾರು 10,000 ಎಕರೆ. ಸುತ್ತಲಿನ ಹಳ್ಳಿಯವರು ಕುರಿ, ದನ ಮೇಯಿಸ್ತಿದ್ದಿದ್ದು ಅಲ್ಲೇ. ಆ ಉಣ್ಣೆಯಿಂದ ಕಂಬಳಿ ನೇಯೋ ಮನೆಗಳೂ ಇವೆ. ಅವರು ಹೋರಾಟ ಮಾಡಿದ್ರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು.

ನಾನು ಪುಷ್ಪಕ್ ವಿರೋಧಿ ಅಲ್ಲ. ಆ ನೆಲೆಯಲ್ಲಿ ಅದೊಂದೇ ನಡೆಯೋದೂ ಅಲ್ಲ. ನನ್ನ ಪ್ರಶ್ನೆ ಅಕೌಂಟ್ಸ್ ಪ್ರಶ್ನೆ. ಮೇವು ತಪ್ಪಿದ ಒಂದು ಕುರಿ ಹಿಂಡಿನ ಖರ್ಚು ಯಾವ ಲೆಡ್ಜರ್‌ನಲ್ಲಿ ಬರುತ್ತೆ? ಯೋಜನೆಯ ಬಜೆಟ್‌ನಲ್ಲಿ ಬರಲ್ಲ. ಹಾರಾಟಕ್ಕೆ ಇಷ್ಟು ಅನ್ನೋ ನಂಬರ್‌ನಲ್ಲಂತೂ ಬರೋದೇ ಇಲ್ಲ. ಅದು ಕುರಿಗಾರನ ಮನೆಯ ಲೆಕ್ಕದಲ್ಲಿ ಬರುತ್ತೆ, ಆ ಪುಸ್ತಕವನ್ನ ಆಡಿಟ್ ಮಾಡೋರು ಯಾರೂ ಇಲ್ಲ. ಅಗ್ಗ ಅನ್ನೋ ಮಾತಿನಲ್ಲಿ ಕೆಲವು ಸಲ ಬೇರೆಯವರು ಸದ್ದಿಲ್ಲದೆ ಕೊಟ್ಟ ದುಡ್ಡೂ ಸೇರಿರುತ್ತೆ.

ಭಾಗ 9/9: ಭಾಗಿಸಿ ನೋಡಿ

ನಾಲ್ಕನೇ ವ್ಯಕ್ತಿಗೆ ಉತ್ತರ ಕೊಡೋದು ಬಾಕಿ ಇದೆ. ಬಡತನ ಇಟ್ಕೊಂಡು ಇದೆಲ್ಲ ಬೇಕಾ?

ಪ್ರಶ್ನೆ ಕೆಟ್ಟದ್ದಲ್ಲ. ಅವರನ್ನ ದೇಶದ್ರೋಹಿ ಅಂತ ಬೈಯೋದು ಬಿಟ್ಟು ಲೆಕ್ಕ ಕೊಡಿ. 2024-25ರ ಕೇಂದ್ರ ಬಜೆಟ್ ಸುಮಾರು 48.2 ಲಕ್ಷ ಕೋಟಿ. ಬಾಹ್ಯಾಕಾಶ ಇಲಾಖೆಗೆ ಇಟ್ಟಿದ್ದು ಸುಮಾರು 13,043 ಕೋಟಿ. ಸರ್ಕಾರ ಖರ್ಚು ಮಾಡೋ ಪ್ರತಿ 100 ರೂಪಾಯಿಯಲ್ಲಿ 27 ಪೈಸೆ. ಅದರಲ್ಲೇ ಹವಾಮಾನದ ಉಪಗ್ರಹಗಳು, ನಾವಿಕ್, ಗಗನಯಾನ, ಎಲ್ಲ. ಆ 27 ಪೈಸೆ ನಿಲ್ಲಿಸಿದ್ರೆ ಬಡತನ ಹೋಗಲ್ಲ. ಹಾಗಂತ ಆ 27 ಪೈಸೆ ಎಲ್ಲಿ ಹೋಯ್ತು ಅಂತ ಕೇಳೋ ಹಕ್ಕೂ ಹೋಗಲ್ಲ.

ಕೇಳೋರು ಯಾರು ಅಂದ್ರೆ, ಬಹುಪಾಲು ನಮ್ಮಂಥವರೇ. ಮೊದಲ ಭಾಗದಲ್ಲಿ ಹೇಳಿದ 410 ಕೋಟಿ ಡಾಲರ್ ನೆನಪಿದೆಯಾ? ಎಲ್ಲ ಅಭಿಮಾನಿಗಳೂ ಎಸೆಯೋ ಆ ನಂಬರ್‌ನ 2022ರಲ್ಲಿ ಅಮೆರಿಕ ಸಂಸತ್ತಿನ ಮುಂದೆ ಇಟ್ಟಿದ್ದು ನಾಸಾದ ಇನ್‌ಸ್ಪೆಕ್ಟರ್ ಜನರಲ್, ಅಂದ್ರೆ ಆಡಿಟ್ ಕಡೆಯವರು. ರಾಕೆಟ್ ವಿನ್ಯಾಸ ಮಾಡಿದವರಲ್ಲ. ಅದರಲ್ಲಿ ಅಭಿವೃದ್ಧಿಗೆ ಆದ ಖರ್ಚು ಸೇರಿಲ್ಲ ಅಂತಾನೂ ಅವರೇ ಹೇಳಿದ್ರು. ಇಲ್ಲೂ ಬಾಹ್ಯಾಕಾಶ ಇಲಾಖೆ ಲೆಕ್ಕ ನೋಡೋದು ಸಿಎಜಿ. ಹಾಗಾಗಿ "ನೀನು ಕಾಮರ್ಸ್, ನಿಂಗ್ಯಾಕೆ" ಅಂತ ಯಾರಾದ್ರೂ ಅಂದ್ರೆ ತಲೆ ತಗ್ಗಿಸಬೇಡಿ. ಇಂಜಿನಿಯರ್ ಬೇಡ ಅಂದ ರಾತ್ರಿ ಅವರ ಪಕ್ಕ ನಿಂತು "ಹೌದು, ಈ ಹಾರಾಟ ಮುಂದೆ ಹಾಕೋಣ, ಅದರ ಖರ್ಚು ಇಷ್ಟು, ಅದನ್ನ ತಡ್ಕೋಬಹುದು" ಅಂತ ಪೇಪರ್ ಮೇಲೆ ತೋರಿಸೋರು ಬೇಕು. ಚಾಲೆಂಜರ್ ಮೀಟಿಂಗ್‌ನಲ್ಲಿ ಇರಲಿಲ್ಲವಲ್ಲ, ಅಂಥವರು.

ಕೊನೆಗೆ ಒಂದು ಹೋಮ್‌ವರ್ಕ್. 2024ರ ಸೆಪ್ಟೆಂಬರ್ 18ಕ್ಕೆ ಕೇಂದ್ರ ಸಂಪುಟ ಹೊಸ ರಾಕೆಟ್ ಒಂದಕ್ಕೆ ಒಪ್ಪಿಗೆ ಕೊಡ್ತು. ಹೆಸರು ಎನ್‌ಜಿಎಲ್‌ವಿ. ಕೆಳಗಿನ ಕಕ್ಷೆಗೆ 30 ಟನ್, ಮೊದಲ ಹಂತ ಮರುಬಳಕೆ, ತಯಾರಿಗೆ 8 ವರ್ಷ, ಮೂರು ಪರೀಕ್ಷಾ ಹಾರಾಟ ಸೇರಿ 8,240 ಕೋಟಿ ರೂಪಾಯಿ. ಅದು ಹಾರೋ ಹೊತ್ತಿಗೆ ನಾವೆಲ್ಲ ಕೆಲಸದಲ್ಲಿರ್ತೀವಿ, ಟ್ಯಾಕ್ಸ್ ಕಟ್ತಿರ್ತೀವಿ.

ಅದು ಒಟ್ಟು ಹತ್ತೇ ಸಲ ಹಾರಿದ್ರೆ, ಈ ಅಭಿವೃದ್ಧಿ ಖರ್ಚೊಂದೇ ಪ್ರತಿ ಹಾರಾಟದ ಮೇಲೆ 824 ಕೋಟಿ ಬೀಳುತ್ತೆ. ನೂರು ಸಲ ಹಾರಿದ್ರೆ 82 ಕೋಟಿ ಚಿಲ್ಲರೆ. ಎಷ್ಟು ಸಲ ಹಾರಿಸೋಕೆ ಹೊರಟಿದ್ದೀವಿ? ಅಷ್ಟು ಸಲ ಹೊರೋಕೆ ಮಾಲು ಯಾರದ್ದು? ಅವಸರ ಆದಾಗ ಬೇಡ ಅನ್ನೋ ಅಧಿಕಾರ ಯಾರ ಕೈಲಿ?

ನಿಮ್ಮ ಭಾಜಕ ಎಷ್ಟು ಅಂತ ಕೆಳಗೆ ಬರೀರಿ. ಬರೀ ನಂಬರ್ ಬೇಡ, ಯಾಕೆ ಅಂತಾನೂ ಬರೀರಿ.

#ರಾಕೆಟ್‌ಲೆಕ್ಕ #ಬಿಕಾಂಕಣ್ಣಲ್ಲಿಬಾಹ್ಯಾಕಾಶ